ನೀಲಿ ಗ್ಲಾಸು, ಸುಶೀಲಮ್ಮನ ಸೀರೆ

ದಕ್ಷಿಣಾಮೂರ್ತಿ ಸರ್‌ಗೆ ವಾಸನೆ ತಿಳಿಯುತ್ತಿಲ್ಲ ಎಂಬುದು ಗುರುಗ್ರಾಮದ ನಮ್ಮ ಇಡೀ ಆಫೀಸಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಪ್ಯಾಂಟ್ರಿಯಲ್ಲಿ ಹಾಲು ಸೀದು ಎಲ್ಲರೂ ಹೊರಗೋಡಿದ ದಿನ ಅವರೊಬ್ಬರೇ ಅಲ್ಲಿ ಕೂತು ನೆಮ್ಮದಿಯಾಗಿ ಬಿಸ್ಕತ್ತು ತಿನ್ನುತ್ತಿದ್ದರು. ಮೂಗಿನಿಂದಲೇ ಅನ್ನ ದುಡಿದ ಮನುಷ್ಯ! ನಾನು ಬಿಡದೆ ಕೇಳಿದೆ, ಅವರು ಅತ್ತುಬಿಟ್ಟರು. ಹೆಂಡತಿ ಸುಶೀಲಮ್ಮ ತೀರಿಕೊಂಡ ಚಳಿಗಾಲದಲ್ಲೇ ಅವರಿಗೂ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಹೋದ ವಾಸನೆ ಮಾತ್ರ ವಾಪಸ್ ಬರಲಿಲ್ಲ.

ನಮ್ಮದು ಕತ್ತಾಳೆಯಿಂದ ಮದ್ಯ ಮಾಡುವ ಕಂಪನಿ. ಒಣನೆಲದಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಆ ಮುಳ್ಳುಗಿಡದ ಬುಡವನ್ನು ಬೇಯಿಸಿ, ಹುಳಿ ಬರಿಸಿ, ಭಟ್ಟಿ ಇಳಿಸುತ್ತಾರೆ. ಇಳಿಸಿದ ಹಾಗೇ ಸೀಸೆಗೆ ಹೋದದ್ದು ನೀರಿನಷ್ಟು ತಿಳಿ. ಅದಕ್ಕೆ ನಾವು ಎಳೆಯದು ಎನ್ನುತ್ತೇವೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಅದು ಮಾಗಿದ್ದು. ಬಣ್ಣ ನೋಡಿ ಮೋಸಹೋಗಬಾರದೆಂದು ರುಚಿ ನೋಡಲು ಕಡುನೀಲಿ ಗ್ಲಾಸು ಇಡುತ್ತಾರೆ. ಸರ್ ಅಂಗೈಗೆ ಒಂದು ಹನಿ ಹಾಕಿ, ಉಜ್ಜಿ, ಮೂಸಿದರೆ ಸಾಕು, ಯಾವ ಪೀಪಾಯಿಯದು ಎಂದು ಹೇಳಿಬಿಡುತ್ತಿದ್ದರು. ನನಗೆ ಈ ಕೆಲಸದ ಓನಾಮ ಕಲಿಸಿದವರೂ ಅವರೇ.

ಗ್ಲಾಸು ಜೋಡಿಸುವವಳು ನಾನು. ಎಡಕ್ಕೆ ಎಳೆಯದು, ಬಲಕ್ಕೆ ಮಾಗಿದ್ದು ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಅವರ ನಾಲಗೆಗೆ ಉರಿಯೊಂದು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೂ ಎಳೆಯದರಲ್ಲಿ ಸುಟ್ಟ ಗೆಣಸು, ಒದ್ದೆ ಮಣ್ಣು, ಮಾಗಿದ್ದರಲ್ಲಿ ಬೆಲ್ಲದ ಪಾಕ, ಲವಂಗ ಎಂದು ನೆನಪಿನಿಂದಲೇ ಹೇಳುತ್ತಿದ್ದರು. ಎಲ್ಲರೂ ತಲೆದೂಗುತ್ತಿದ್ದರು. ಮೋಸ ಎನ್ನುವವರು ಎನ್ನಲಿ, ನನಗೇನು!

"ಇಷ್ಟು ಒದ್ದಾಡೋ ಬದಲು ಮನೇಲಿ ಆರಾಮಾಗಿರಬಾರದಾ ಸರ್?" ಎಂದು ಒಮ್ಮೆ ಕೇಳಿದ್ದೆ.

"ಮೂಗು ಸರಿಹೋಗಬಹುದು ಅಂದಿದ್ದಾರೆ ಡಾಕ್ಟ್ರು. ಸುಶೀಲ ಆಸ್ಪತ್ರೆಗೆ ಹೊರಟಾಗ ಬಿಚ್ಚಿಟ್ಟ ಸೀರೆ ಇದೆ. ದಿನಾ ಬೆಳಿಗ್ಗೆ ಅದನ್ನೇ ಮೂಸಿ ನೋಡ್ತೀನಿ. ಒಗೆಯೋಕೆ ಬಿಟ್ಟಿಲ್ಲ, ನುಸಿಗುಳಿಗೆ ಹಾಕೋಕೂ ಬಿಟ್ಟಿಲ್ಲ. ಪೀಪಾಯಿ ಎಷ್ಟು ಬಿಗಿಯಾಗಿ ಮುಚ್ಚಿದ್ರೂ ಒಳಗಿಂದು ಒಂದಿಷ್ಟು ಗಾಳಿಗೆ ಹೋಗೇ ಹೋಗುತ್ತೆ. ಸೀರೇನೂ ಹಾಗೇ ಕಣಮ್ಮ. ನನ್ನ ಮೂಗು ಬರೋ ಹೊತ್ತಿಗೆ ಅವಳು ಹೋಗ್ಬಿಟ್ಟಿದ್ರೆ?"

ಅವರ ಮನೆಯಲ್ಲಿ ಎಷ್ಟೋ ಭಾನುವಾರ ಸುಶೀಲಮ್ಮನ ಕೈಯೂಟ ಉಂಡವಳು ನಾನು.

ಮೊದಲ ಪೀಪಾಯಿಯನ್ನು ಮಾರುಕಟ್ಟೆಗೆ ಆರಿಸುವ ದಿನ ಮ್ಯಾನೇಜರ್ ಮಹಂತೇಶ್ ಕೋಣೆಗೆ ಬಂದವರೇ, "ಸಿಂಧೂರ, ಇವತ್ತು ಗ್ಲಾಸ್ ನಾನೇ ಜೋಡಿಸ್ತೀನಿ" ಎಂದರು. ಅವರು ಸುರಿಯುವಾಗ ಕಣ್ಣಿಟ್ಟು ನೋಡಿದೆ. ಎಡಗಡೆಯದೇ ಮಾಗಿದ್ದು. ಸರ್ ಒಳಗೆ ಬಂದು ಕೂತು, ಎಡಗಡೆಯ ಗ್ಲಾಸು ಎತ್ತಿ, ಅಂಗೈಗೆ ಹನಿ ಹಾಕಿ ಉಜ್ಜಿದರು. ಮಾಗಿದ್ದು ಎಡಕ್ಕಿದೆ ಎಂದು ಸನ್ನೆ ಮಾಡಲು ನಾನು ಎಡಗಿವಿಯ ಓಲೆಯನ್ನು ಮುಟ್ಟಿದೆ, ಮತ್ತೆ ಮುಟ್ಟಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅರ್ಥವಾಯಿತೆಂದು ಅವರ ಮುಖವೇ ಹೇಳಿತು. ಸಣ್ಣಗೆ ನಕ್ಕು ಗ್ಲಾಸನ್ನು ಕೆಳಗಿಟ್ಟರು.

"ಮಹಂತೇಶ್, ನನಗೆ ವಾಸನೆ ಬರೋದು ನಿಂತು ತುಂಬಾ ದಿನ ಆಯ್ತು. ನನ್ನ ಮಾತು ಕೇಳಿ ತಪ್ಪು ಪೀಪಾಯಿ ತೆಗೀಬೇಡಿ. ಇನ್ಮೇಲೆ ಇವಳು ಹೇಳ್ತಾಳೆ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸಂಜೆ ಮೆಟ್ರೋದಲ್ಲಿ ಸರ್ ಪಕ್ಕ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಇಷ್ಟೆಲ್ಲ ಕಾಪಾಡಿಕೊಂಡು ಬಂದದ್ದು ಯಾರಿಗಾಗಿ ಎಂದು ಕೇಳಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಸರ್ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು, "ಅಚ್ಛಾ, ಮುಗೀತಾ? ಚಲೋ, ಮನೆಗೆ ಬಾ. ನಿನ್ನಿಂದ ಒಂದು ಕೆಲಸ ಆಗ್ಬೇಕು" ಎಂದರು.

ದೆಹಲಿಯ ಕಿದ್ವಾಯಿ ನಗರದಲ್ಲಿ ಮಗಳು ರತ್ನಾಗೆ ಸಿಕ್ಕ ಸರ್ಕಾರಿ ಕ್ವಾರ್ಟರ್ಸಿನಲ್ಲೇ ಅವರ ವಾಸ. ಅವಳಿನ್ನೂ ಆಫೀಸಿನಿಂದ ಬಂದಿರಲಿಲ್ಲ. ಸರ್ ಮಂಚದ ಕೆಳಗಿನ ಟ್ರಂಕು ಎಳೆದು, ಹಸಿರು ಹತ್ತಿ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮಡಿಲಿಗಿಟ್ಟರು.

"ಇಷ್ಟು ದಿನ ಯಾರಿಗೂ ಕೊಡೋಕೆ ಧೈರ್ಯ ಬಂದಿರಲಿಲ್ಲ. ಮೂಸಿ ನೋಡಿ ಹೇಳು. ಏನೇನಿದೆ?"

ಸೀರೆಗೆ ಮುಖ ಒತ್ತಿ ಉಸಿರೆಳೆದೆ. ಟ್ರಂಕಿನ ತುಕ್ಕು, ಹಳೇ ಬಟ್ಟೆ, ದೆಹಲಿಯ ಧೂಳು. ಮಡಿಕೆ ಬಿಡಿಸಿದೆ, ಸೆರಗು ಹುಡುಕಿ ಮತ್ತೆ ಮೂಸಿದೆ. ಸುಶೀಲಮ್ಮ ಎಲ್ಲೂ ಇರಲಿಲ್ಲ. ತಲೆ ಎತ್ತದೆ ಹೇಳತೊಡಗಿದೆ.

"ಸೆರಗಲ್ಲಿ ಇಂಗಿದೆ ಸರ್. ಒಗ್ಗರಣೆಗೆ ಹಾಕಿದ ಕರಿಬೇವಿದೆ. ಹೆಗಲ ಹತ್ರ ಕೊಬ್ಬರಿ ಎಣ್ಣೆ. ಆಮೇಲೆ ಗಂಧದ ಸೋಪು..."

ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು.

"ನೆನಪಿಂದ ಹೇಳ್ತಿದ್ದೀಯ, ಅಲ್ವಾ?"

ಅವರು ಸೀರೆಯ ಇನ್ನೊಂದು ತುದಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಕೈಯಿಂದ ಸುಕ್ಕು ಸವರಿದರು.

"ಇರ್ಲಿ, ಹೇಳಮ್ಮ. ಇನ್ನೂ ಏನೇನಿತ್ತು, ಹೇಳು."