ಕಾಸಿನಾಟದ ಬಟ್ಟೆ

"ಏನೇ ಇದು? ಅಖಾಡದ ಬಟ್ಟೆನಾ, ಕಸಾಯಿಖಾನೆ ನೆಲಾನಾ? ಕಣ್ಣೇನು ಹಿಂಗಿಹೋಗಿದ್ಯಾ ನಿಂಗೆ?"

ಧಣಿ ಬೂಟಿನ ತುದಿಯಿಂದ ಬಟ್ಟೆಯನ್ನು ಒದ್ದ. ಒದ್ದರೆ ಸರಿಯುವ ಬಟ್ಟೆಯಲ್ಲ ಅದು. ಒಂದು ಸಂಸಾರ ಮಲಗುವ ಕೋಣೆಯಷ್ಟು ಅಗಲದ ದಪ್ಪ ಕ್ಯಾನ್ವಾಸು. ಒಣಗಿದ್ದರೆ ಇಬ್ಬರು ಹೊರಬೇಕು, ಒದ್ದೆಯಾದರೆ ಸತ್ತ ಎಮ್ಮೆ. ಬಟ್ಟೆ ಕದಲಲಿಲ್ಲ, ಅವನ ಹೆಬ್ಬೆರಳೇ ನೊಂದಿತು. ಆ ಸಿಟ್ಟೂ ನನ್ನ ಮೇಲೇ ಬಂತು.

"ತೊಳೆದಿದ್ದೀನಿ ಧಣಿ. ಕಲೆ ಪೂರ್ತಿ ಬಿಟ್ಟಿಲ್ಲ. ರಕ್ತ ಬಿಡಬೇಕಾದ್ರೆ ತಣ್ಣೀರಲ್ಲಿ ನೆನೀಬೇಕು, ಹಿಂಡಬೇಕು, ಮತ್ತೆ ನೆನೀಬೇಕು. ಮುಂಚೆ ಮೂರು ತಿಂಗಳಿಗೊಂದು ಕಾಸಿನಾಟ ಇತ್ತು, ಪುರುಸೊತ್ತು ಸಿಗ್ತಿತ್ತು. ಈಗ ವಾರಕ್ಕೊಂದು..."

"ಎಷ್ಟು ದಿನಕ್ಕೊಂದು ಆಟ ಇಡಬೇಕು ಅಂತ ಬಟ್ಟೆ ಒಗೆಯೋಳನ್ನ ಕೇಳಿ ಇಡಬೇಕಾ ನಾನು? ಬಿಸಿನೀರು ಸುರಿದು ಬೇಗ ತೊಳಿಯೇ, ಮುಂಡೆ."

"ಬಿಸಿನೀರು ಸುರಿದ್ರೆ ರಕ್ತ ಬಟ್ಟೆಯೊಳಗೇ ಬೆಂದು ಕೂತುಬಿಡುತ್ತೆ. ಆಮೇಲೆ ಬ್ರಹ್ಮ ಬಂದು ಉಜ್ಜಿದ್ರೂ ಹೋಗಲ್ಲ."

"ಹಂಗಾದ್ರೆ ತಿರುವಿ ಹಾಸು."

"ತಿರುವಿ ಹಾಸಿದ್ದೇ ಧಣಿ ಇದು."

ಹಗ್ಗ ಬಿಗಿಯುತ್ತಿದ್ದ ಮೇಸ್ತ್ರಿಗೆ ನಗು ಬಂತು. ಧಣಿ ತಿರುಗಿ ನೋಡಿದ್ದೇ ತಡ, ಅದನ್ನು ಕೆಮ್ಮು ಮಾಡಿಕೊಂಡ.

ವಾರದ ದಿನಗಳಲ್ಲಿ ಟಿವಿಯಲ್ಲಿ ಸುಮ್ಮನೆ ಬರುವುದು ಬಿಟ್ಟಿ ಆಟ. ಜನ ಮನೆಯಲ್ಲಿ ಕಾಲು ಚಾಚಿಕೊಂಡು, ಒಂದೊಂದು ಆಟಕ್ಕೂ ಬೇರೆಯಾಗಿ ದುಡ್ಡು ಕಟ್ಟಿ ನೋಡುವುದು ಕಾಸಿನಾಟ. ಆಫೀಸಿನವರು ಅದನ್ನು ಪೇ-ಪರ್-ವ್ಯೂ ಅನ್ನುತ್ತಾರೆ. ಹೆಸರು ಯಾವುದಾದರೇನು, ಬಿಟ್ಟಿ ಆಟದಲ್ಲಿ ನಮ್ಮ ಕುಸ್ತಿಯವರು ಮೆತ್ತಗೆ ಬೀಳುತ್ತಾರೆ, ಕಾಸಿನಾಟದಲ್ಲಿ ಜೋರಾಗಿ. ನೋಡುವವನು ಕೊಟ್ಟ ಕಾಸು ಮೈಮೇಲೆ ಕಾಣಬೇಕಲ್ಲ.

ನನ್ನ ತಮ್ಮನಿಗೆ ಬೀಳುವುದೇ ಕೆಲಸ. ಅಲ್ಲಿ ಅವನನ್ನು ಮೂಟೆ ಅಂತ ಕರೆಯುತ್ತಾರೆ. ಚಾಂಪಿಯನ್ ಎತ್ತಿ ಎಸೆಯುವುದಕ್ಕೆ ಒಂದು ಮೈ ಬೇಕು, ಆ ಮೈ ಇವನದು. ಗೆಲ್ಲುವವರು ಯಾರು ಅಂತ ಎಲ್ಲರಿಗೂ ಮೊದಲೇ ಗೊತ್ತು. ಬೀಳುವ ಏಟಿಗೆ ಮಾತ್ರ ಅದು ಗೊತ್ತಿಲ್ಲ.

ಆಟವಿಲ್ಲದ ಹೊತ್ತಿನಲ್ಲಿ ಅವನು ಹಿಂದಿನ ಅಂಗಳಕ್ಕೆ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದ. ನಾನು ಎಡಕ್ಕೆ ತಿರುವಬೇಕು, ಅವನು ಬಲಕ್ಕೆ. "ನಿಧಾನ ಅಕ್ಕಾ, ಚಾಂಪಿಯನ್ನೂ ನನ್ನ ಇಷ್ಟು ಹಿಂಡಿಲ್ಲ" ಅನ್ನುತ್ತಿದ್ದ. ಕಾಸಿನಾಟ ವಾರಕ್ಕೊಂದಾದ ಮೇಲೆ ಅವನ ಕತ್ತು ತಿರುಗುವುದು ನಿಂತಿತು. ಯಾರಾದರೂ ಕರೆದರೆ ಇಡೀ ಮೈಯನ್ನೇ ಬಾಗಿಲಿನ ಹಾಗೆ ತಿರುಗಿಸುತ್ತಿದ್ದ.

ರಜೆ ಕೇಳಲು ಇಬ್ಬರೂ ಆಫೀಸಿಗೆ ಹೋದೆವು. ಒಳಗೆ ಧಣಿಯ ಮುಂದೆ ರೇಟಿನವನು ಕೂತಿದ್ದ. ಕಾಸಿನಾಟದ ದರ ಗೊತ್ತುಮಾಡುವ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಗೋಡೆಯ ಮೇಲೆ ಏರುವ ಗೆರೆ, ಇಳಿಯುವ ಗೆರೆ ತೋರಿಸುತ್ತಿದ್ದ. ನಾವು ಬಾಗಿಲ ಪಕ್ಕ ನಿಂತೆವು. ಕೊಡೆ ನಿಲ್ಲಿಸುವ ಡಬ್ಬವೂ ಅಲ್ಲೇ ಇತ್ತು. ಅವರ ಕಣ್ಣಿಗೆ ಮೂರೂ ಒಂದೇ.

"ಮೂರು ತಿಂಗಳಿಗೊಂದು ಅಂದ್ರೆ ಜನ ಆಸೆಯಿಂದ ಕಾಯ್ತಾರೆ ಸಾರ್, ಹೇಳಿದಷ್ಟು ಕೊಡ್ತಾರೆ. ವಾರಕ್ಕೊಂದು ಅಂದ್ರೆ ಅವರಿಗೂ ಬೇಜಾರು. ಹೋದ ಆಟಕ್ಕೆ ಬೆಲೆ ಅರ್ಧ ಮಾಡಿದ್ರೂ ಜನ ದುಡ್ಡು ಕಟ್ಟಲಿಲ್ಲ."

"ಮತ್ತೆ ಮೂರು ತಿಂಗಳಿಗೇ ಹೋಗೋಣ ಅಂತೀಯಾ?"

ತಮ್ಮನ ಉಸಿರು ನಿಂತದ್ದು ನನಗೆ ಕೇಳಿಸಿತು.

"ಛೆ ಛೆ! ವಾರಕ್ಕೊಂದು ಇರ್ಲಿ, ಬೆಲೆ ಏರಿಸೋಣ. ಆದ್ರೆ ಏರಿಸೋಕೆ ಒಂದು ನೆಪ ಬೇಕು. ಜನಕ್ಕೆ ಇದೆಲ್ಲ ನಾಟಕ ಅನ್ನಿಸಿಬಿಟ್ಟಿದೆ ಸಾರ್. ಏನಾದ್ರೂ ಒಂದು ನಿಜವಾದದ್ದು ಆಗ್ಬೇಕು."

ಆಗ ಧಣಿಗೆ ನಾವು ಕಂಡೆವು. "ಏನೋ ಮೂಟೆ?"

"ಕತ್ತು ತಿರುಗ್ತಿಲ್ಲ ಧಣಿ. ಆರು ವಾರ ಬೀಳಲೇಬಾರ್ದು ಅಂತ ಡಾಕ್ಟ್ರು ಅಂದಿದ್ದಾರೆ."

"ಬೀಳೋಕೆ ಏನೋ ಕಷ್ಟ ಬೋಳಿಮಗನೆ? ಮಾಗಿದ ಹಣ್ಣೂ ಬೀಳುತ್ತೆ. ಅದಕ್ಕೇನು ಸಂಬಳ ಕೊಡ್ತಾರಾ?"

ರೇಟಿನವನು ನಕ್ಕ. ನಗುವುದೂ ಅವನ ಕೆಲಸದಲ್ಲಿ ಸೇರಿತ್ತು ಅಂತ ಕಾಣುತ್ತದೆ.

"ಹಣ್ಣು ಒಂದೇ ಸಲ ಬೀಳೋದು ಧಣಿ," ತಮ್ಮ ಅಂದ. "ವಾರ ವಾರ ಬೀಳಲ್ಲ."

ರೇಟಿನವನ ನಗು ಅರ್ಧಕ್ಕೇ ನಿಂತಿತು. ಧಣಿ ಮೇಜಿನ ಮೇಲಿನ ಕಾಗದ ಸರಿಪಡಿಸುತ್ತಾ ಅಂದ: "ನಿನ್ನಂಥ ಮೂಟೆಗಳು ಗೇಟಿನಾಚೆ ಸಾಲುಗಟ್ಟಿವೆ. ಈ ವಾರ ಇಲ್ಲಿ ಬೀಳು. ಇಲ್ಲಾಂದ್ರೆ ಮನೇಲೇ ಬಿದ್ದಿರು, ಮತ್ತೆ ಈ ಕಡೆ ಮುಖ ಹಾಕಬೇಡ."

ಆ ವಾರ ಅವನು ಬಿದ್ದ.

ಆಟ ನಡೆಯುವಾಗ ನನ್ನ ಜಾಗ ಅಖಾಡದ ಹಲಗೆಯ ಕೆಳಗೆ, ಕಪ್ಪು ಪರದೆಯ ಒಳಗೆ. ಒಂದು ಕುಸ್ತಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಬಕೆಟ್ಟು ಹಿಡಿದು ಹತ್ತಿ ಒರೆಸಿ ಇಳಿಯಬೇಕು. ನಾನು ಕುಸ್ತಿ ನೋಡಿದವಳಲ್ಲ, ಕೇಳಿದವಳು. ಬೆನ್ನು ಅಗಲವಾಗಿ ಬಿದ್ದರೆ ಹಲಗೆ ತುಂಬು ದನಿಯಲ್ಲಿ ಧೊಪ್ಪೆನ್ನುತ್ತದೆ, ಏಟು ಹಗುರಾಗಲೆಂದು ಬಿದ್ದವನ ಎರಡು ಅಂಗೈ ಅದರ ಜೊತೆಗೇ ತಾಳ ಹಾಕುತ್ತವೆ. ಪದ್ಯ ಹೇಳುವವನು ತಾಳದ ಒಂದು ಮಾತ್ರೆ ತಪ್ಪಿಸಿದರೂ ಕೇಳಿ ಬೆಳೆದ ಕಿವಿ ತಡವರಿಸುತ್ತದಲ್ಲ, ಆ ದಿನ ಹಾಗೇ ಆಯಿತು. ಒಣಕಡ್ಡಿ ತುಳಿದಂಥ ಒಂದು ಸಣ್ಣ ಸದ್ದು ಮೊದಲು. ಆಮೇಲೆ ಬೆನ್ನು. ಅಂಗೈಗಳ ತಾಳ ಬರಲೇ ಇಲ್ಲ.

ಪರದೆ ಸರಿಸಿ ಹೊರಗೆ ಬಂದೆ. ತಮ್ಮನ ತಲೆಯ ಹಿಂಭಾಗ ಮೂಲೆಯ ಕಂಬದ ಕಬ್ಬಿಣಕ್ಕೆ ತಾಗಿ ಒಡೆದಿತ್ತು. ರಕ್ತ ತಲೆಯಿಂದ ಭುಜದ ಎರಡೂ ಕಡೆಗೆ ಹರಡುತ್ತಿತ್ತು. ಚಾಂಪಿಯನ್ ಅವನ ಮೇಲೆ ಬಾಗಿ, ತುಟಿ ಅಲ್ಲಾಡಿಸದೆ, "ಏಳೋ ಮೂಟೆ... ಏಳಪ್ಪಾ" ಅನ್ನುತ್ತಿದ್ದ. ಮೈಕಿನವನು "ಅದ್ಭುತ! ಅದ್ಭುತ!" ಅಂತ ಅರಚುತ್ತಿದ್ದ. ರೆಫರಿ ಕಿವಿಗೆ ಸಿಕ್ಕಿಸಿದ ಗುಂಡಿ ಒತ್ತಿ ಹಿಡಿದು ಧಣಿಯ ಅಪ್ಪಣೆ ಕೇಳಿಸಿಕೊಂಡ.

ಮೊದಲು ಚಾಂಪಿಯನ್ ಗೆದ್ದನೆಂದು ಸಾರಲು ಮೂರು ಎಣಿಸಿದರು. ಆಮೇಲೆ ಸ್ಟ್ರೆಚರ್ ಕರೆದರು.

ಜೀವ ಉಳಿಯಿತು. ಬಲಗೈ ಮುಷ್ಟಿ ಕಟ್ಟುವುದನ್ನು ಮರೆಯಿತು. ಆಸ್ಪತ್ರೆಯಲ್ಲಿ ಕತ್ತಿಗೆ ಪಟ್ಟಿ ಕಟ್ಟಿ, ಸೂರು ನೋಡಿಕೊಂಡು ಮಲಗಿರು ಅಂದರು.

ಆಟದ ಮರುದಿನ ಬೆಳಗಾಗುತ್ತಲೇ ಬಟ್ಟೆಯನ್ನು ತೊಟ್ಟಿಯ ಹತ್ತಿರ ಎಳೆದು ತಂದಿದ್ದೆ. ಧಣಿಯೂ ರೇಟಿನವನೂ ಅಂಗಳಕ್ಕೆ ಬಂದರು. ಎಂದೂ ಈ ಕಡೆ ಸುಳಿಯದವರು, ತಮ್ಮನ ಸುದ್ದಿ ಕೇಳಲು ಬಂದರೇನೋ ಅಂದುಕೊಂಡು ಸೆರಗು ಸರಿಮಾಡಿಕೊಂಡೆ. ನನ್ನ ಬುದ್ಧಿಗಿಷ್ಟು!

"ನೀರು ಹಾಕ್ಬೇಡ! ಹಾಕ್ಬೇಡ!" ರೇಟಿನವನು ಓಡಿ ಬಂದು ಬಟ್ಟೆಯ ಸುತ್ತ ಕುಣಿಯುತ್ತಾ ಫೋಟೊ ಹೊಡೆದ. "ನೋಡಿ ಸಾರ್, ತಲೆ, ಭುಜ, ಮನುಷ್ಯನ ಆಕಾರಾನೇ ಇದೆ. ಅವನು ಬಿದ್ದಿದ್ದನ್ನ ಜನ ತಿರುಗಾ ತಿರುಗಾ ಹಾಕ್ಕೊಂಡು ನೋಡ್ತಿದ್ದಾರೆ. ಮುಂದಿನ ಆಟ ಇದೇ ಬಟ್ಟೆ ಮೇಲೆ. ಬೆಲೆ ಎರಡರಷ್ಟು ಮಾಡಿ, ಒಬ್ಬನೂ ಕಮಕ್ ಕಿಮಕ್ ಅನ್ನಲ್ಲ."

"ಧಣಿ, ಅದು ನನ್ನ ತಮ್ಮಂದು," ಅಂದೆ.

"ನಿನ್ನ ತಮ್ಮಂದು ಅವನ ಮೈಯೊಳಗಿರೋದು. ನನ್ನ ಬಟ್ಟೆ ಮೇಲೆ ಬಿದ್ದಿದ್ದು ನಂದು." ಹೇಳುತ್ತಲೇ ಅವನಿಗೆ ಏನೋ ಹೊಳೆಯಿತು. "ಅವತ್ತೇನೋ ಅಂದ್ಯಲ್ಲ, ಬಿಸಿನೀರು ಸುರಿದ್ರೆ ಬೆಂದು ಕೂರುತ್ತೆ ಅಂತ? ಕುದಿಯೋ ನೀರೇ ಸುರಿ. ಒಂದಿಷ್ಟೂ ಮಸುಕಾಗಬಾರ್ದು. ಆಟದ ದಿನ ಹಾಸಿ, ಮೇಲೆ ಕಪ್ಪು ಹೊದಿಕೆ ಮುಚ್ಚು. ಕ್ಯಾಮೆರಾ ಮುಂದೆ ನಾನೇ ಎಳೀತೀನಿ. ಅಲ್ಲೀವರೆಗೂ ಒಂದು ನೊಣಾನೂ ಅದನ್ನ ನೋಡಕೂಡ್ದು."

"ಆಸ್ಪತ್ರೆ ಖರ್ಚು ಧಣಿ..."

"ಆಟ ಮುಗೀಲಿ, ನೋಡೋಣ."

"ಆಯ್ತು ಧಣಿ," ಅಂದೆ.

ಅವರು ಕಾವಲಿಗೆ ಯಾರನ್ನೂ ಇಡಲಿಲ್ಲ. "ಆಯ್ತು ಧಣಿ" ಎಂಬುದಕ್ಕೆ ಎರಡನೆಯ ಅರ್ಥ ಇರಬಹುದು ಅಂತ ಅವರಪ್ಪನ ಕಾಲದಿಂದಲೂ ಅವರಿಗೆ ಹೊಳೆದಿಲ್ಲ.

ಆಸ್ಪತ್ರೆಗೆ ಹೋಗಿ, ಧಣಿ ಅಂದದ್ದನ್ನೂ ನಾನು ಮಾಡಲಿರುವುದನ್ನೂ ತಮ್ಮನಿಗೆ ಹೇಳಿದೆ. ಅವನು ಸೂರನ್ನೇ ನೋಡುತ್ತಿದ್ದ.

"ಬಿದ್ದಿದ್ದನ್ನ ಮಾರಿದ್ರು, ಸರಿ. ಸಂಬಳ ತಿಂದಿದ್ದೀನಿ. ರಕ್ತಕ್ಕೂ ರೇಟು ಕಟ್ಟಿದ್ರಾ ನನ್ಮಕ್ಕಳು?" ಕಣ್ಣನ್ನಷ್ಟೇ ನನ್ನ ಕಡೆ ಹೊರಳಿಸಿ ಅಂದ: "ನಿನ್ನ ಕೆಲಸ ಹೋಗುತ್ತೆ ಅಕ್ಕಾ. ಆಸ್ಪತ್ರೆ ದುಡ್ಡೂ ಬರಲ್ಲ."

"ಹೋಗ್ಲಿ. ಕೊಡೋನ ಮುಖ ನೋಡಿದ್ದೀಯಲ್ಲ, ಹೆಂಗೂ ಬರ್ತಿರಲಿಲ್ಲ."

"ಹಂಗಾದ್ರೆ ಚೆನ್ನಾಗಿ ಹಿಂಡು. ನಿನ್ನ ಎಡಗೈ ಯಾವಾಗ್ಲೂ ಸೋಮಾರಿ."

ತೊಟ್ಟಿಗೆ ತಣ್ಣೀರು ತುಂಬಿದೆ. ಬೊಗಸೆ ಬೊಗಸೆ ಉಪ್ಪು ಹಾಕಿ, ನೀರಿಗೆ ಕೈಮುಗಿದು ಬಟ್ಟೆ ಇಳಿಸಿದೆ. ನೀರು ಕೆಂಪಾಯಿತು. ಚೆಲ್ಲಿ ಮತ್ತೆ ತುಂಬಿದೆ. ಹಿಂಡುವುದಕ್ಕೆ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಗೋಡೆಯ ಕೊಂಡಿಗೆ ಕಟ್ಟುತ್ತಿದ್ದಾಗ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ಚಾಂಪಿಯನ್. ಗೆದ್ದವನ ಹೊಳೆಯುವ ಸೊಂಟಪಟ್ಟಿ ಇಲ್ಲದೆ, ಹರಕು ಬನಿಯನ್ನಿನಲ್ಲಿ, ಅವನು ಯಾರ ಮನೆಯ ತಮ್ಮನಾದರೂ ಆಗಬಹುದಿತ್ತು.

"ಎತ್ತುವಾಗ ಕಿವೀಲಿ ಹೇಳ್ದ ಅಕ್ಕಾ, ಕತ್ತು ಹಿಡಿದಿದೆ, ಬೇಡ ಅಂತ. ಕ್ಯಾಮೆರಾ ನಮ್ಮ ಮೇಲೇ ಇತ್ತು."

ಕೊಂಡಿಗೆ ಕಟ್ಟಿದ್ದ ತುದಿ ಬಿಚ್ಚಿ ಅವನ ಕಡೆ ಚಾಚಿದೆ.

"ನಾನು ಯಾವ ಕಡೆ ತಿರುವ್ಲಿ?"

"ಬಲಕ್ಕೆ," ಅಂದೆ.

ತೋರಿಕೆಗೆ ಒಲೆ ಹಚ್ಚಿ ಹಂಡೆಯಲ್ಲಿ ನೀರು ಕುದಿಸಿದೆವು. ಮೇಸ್ತ್ರಿ ದೂರದಿಂದಲೇ ಹಬೆ ನೋಡಿ, "ಸುರಿದ್ಯೇನಮ್ಮಾ?" ಅಂತ ಕೂಗಿದ. "ಸುರೀತಾ ಇದ್ದೀನಣ್ಣಾ" ಅಂದೆ. ಆ ನೀರಿನಲ್ಲಿ ಚಾಂಪಿಯನ್ ತನ್ನ ಊದಿದ ಮಂಡಿಗೆ ಶಾಖ ಕೊಟ್ಟುಕೊಂಡ. ತೊಟ್ಟಿಯ ನೀರು ಕೆಂಪಿನಿಂದ ತಿಳಿಗೆಂಪಿಗೆ ಬಂತು, ಕೊನೆಗೆ ನೀರಿನ ಬಣ್ಣಕ್ಕೇ ಬಂತು. ಉಳಿದದ್ದನ್ನು, ಹಳೆಯ ಕಲೆಗಳನ್ನೂ ಸೇರಿಸಿ, ಬಿಸಿಲು ಕುಡಿಯಿತು.

ಆಟದ ಸಂಜೆ ಊರ ತುಂಬ ಪೋಸ್ಟರು. ನನ್ನ ತಮ್ಮನ ರಕ್ತದ ಪಟ, ಪಕ್ಕದಲ್ಲಿ ಎರಡರಷ್ಟು ಬೆಲೆ. ಹಿಂದೆಂದೂ ಇಷ್ಟು ಜನ ದುಡ್ಡು ಕಟ್ಟಿರಲಿಲ್ಲ ಅಂತ ರೇಟಿನವನು ಎಲ್ಲರ ಕೈ ಕುಲುಕುತ್ತಿದ್ದ. ನಾನು ಬಟ್ಟೆ ಹಾಸಿ, ಕಪ್ಪು ಹೊದಿಕೆ ಮುಚ್ಚಿ, ಬಕೆಟ್ಟಿನೊಂದಿಗೆ ಹಲಗೆಯ ಕೆಳಗೆ ಕೂತೆ.

ಧಣಿ ಹೊಸ ಸೂಟು ಹಾಕಿದ್ದ. ಮುಂಬಾಗಿಲ ನೂಕುನುಗ್ಗಲು ತಪ್ಪಿಸಲು ಹಿಂದಿನಿಂದ, ನನ್ನ ಅಂಗಳದ ಕೆಸರು ದಾಟಿ ಬಂದ. ಹಗ್ಗದ ಹೊರಗೆ ಅಂಚಿನಲ್ಲಿ ನಿಂತು, ಎದೆ ಹಿಡಿದುಕೊಂಡು, ಮೂಟೆ ತನಗೆ ಮಗನಿದ್ದಂತೆ ಅಂದ. ದನಿ ನಡುಗಿಸಿದ. ಆಮೇಲೆ ಹೊದಿಕೆಯ ತುದಿ ಹಿಡಿದು ಎಳೆದ.

ಮೈಕಿನವನು "ಇಗೋ ಆ ರಕ್ತ!" ಅಂತ ಕೂಗಿದವನು ಹಾಗೇ ಬಾಯಿ ಬಿಟ್ಟುಕೊಂಡ.

ಹಗ್ಗ ನುಸುಳಿ ಒಳಬಂದ ಧಣಿಯ ಹೆಜ್ಜೆಗಳು ನನ್ನ ತಲೆಯ ಮೇಲೆ ಮೂಲೆಯಿಂದ ನಡುವಿಗೆ ಹೋದವು. ನಿಂತವು. ಒಂದು ಸುತ್ತು ತಿರುಗಿದವು. ಮತ್ತೆ ಮೂಲೆಗೆ ಓಡಿದವು. ಪರದೆ ಸರಿಸಿ ನೋಡಿದೆ. ಮೇಲಿನ ಕ್ಯಾಮೆರಾ ಹಿಡಿದದ್ದು ಗೋಡೆಯಷ್ಟು ದೊಡ್ಡ ತೆರೆಯ ಮೇಲೆ ಕಾಣುತ್ತಿತ್ತು. ಹಾಲಿನಂಥ ಬಿಳಿ ಬಟ್ಟೆ. ಅದರ ಮೇಲೆ ಅಡ್ಡಾದಿಡ್ಡಿ, ಧಣಿಯ ಬೂಟಿನ ಕೆಸರು. ಬೇರೆ ಒಂದು ಚುಕ್ಕೆಯಿಲ್ಲ.

ಎಲ್ಲೋ ಮೇಲಿನ ಸಾಲಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ.

"ಯಾವ ಮುಂಡೇನೇ ಇದನ್ನ ತೊಳೆದಿದ್ದು!" ಧಣಿ ಅರಚಿದ. ಮೈಕು ಅವನ ಕೈಯಲ್ಲೇ ಇತ್ತು. ದುಡ್ಡು ಕಟ್ಟಿದ ಮನೆಮನೆಗೂ ಅದು ಕೇಳಿಸಿತು.

ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದೆ. ಹಗ್ಗ ಎತ್ತಿ ಒಳಗೆ ಹೋಗಿ ಅವನ ಎದುರಿಗೆ ನಿಂತೆ. ಮೂಲೆಯಲ್ಲಿ ಚಾಂಪಿಯನ್ ಕೈಕಟ್ಟಿ ನಿಂತಿದ್ದವನು ಕದಲಲಿಲ್ಲ. ಕ್ಯಾಮೆರಾ ನನ್ನ ಕಡೆ ತಿರುಗಿತು. ನಾನು ಬೂಟಿನ ಗುರುತುಗಳನ್ನು ನೋಡಿದೆ, ಆಮೇಲೆ ಅವನನ್ನು.

"ಧಣಿ, ಇದನ್ನ ತೊಳೀಲಾ? ಇಲ್ಲಾ, ಇದಕ್ಕೂ ಬಿಸಿನೀರು ಸುರೀಲಾ?"