ಚಿಕ್ಕಪ್ಪ ತೆಗೆದ ಚಿತ್ರ

"ಹೀಗೆ ಎದೆಗೆ ಆನಿಸಿ ಹಿಡ್ಕೋ ಚಿಕ್ಕಪ್ಪ. ಏನೂ ಒತ್ತಬೇಡ," ಎಂದು ರಫೀಕಾ ತನ್ನ ಫೋನನ್ನು ಮೊಂಜಿಯ ಅಂಗೈಗೆ ತುರುಕಿದಳು. ಅಂಗಳದಲ್ಲಿ ಅಪ್ಪನನ್ನು ಮಲಗಿಸಿದ ಮಂಚಕ್ಕೆ ಹೆಗಲು ಕೊಡಲು ಗಂಡಸರು ಬಾಗಿದ್ದರು.

ಕೆಫ್ ಊರಿನಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಹೊಸಿಲಿನಲ್ಲಿ ನಿಂತು ಅತ್ತರೆ ಮುಗಿಯಿತು. ವರ್ಷಗಟ್ಟಲೆ ಅಪ್ಪನ ಬಗ್ಗೆ ಸಿನಿಮಾ ತೆಗೆದವಳಿಗೆ ಕೊನೆಯ ದೃಶ್ಯವಿಲ್ಲ ಅನ್ನುವುದು ಹಾಗಿರಲಿ, ಅಪ್ಪ ಮಣ್ಣಿಗಿಳಿಯುವುದನ್ನು ಮಗಳು ಕಾಣುವಂತಿಲ್ಲವಲ್ಲ! ಅದೇ ಅವಳನ್ನು ಸುಡುತ್ತಿತ್ತು.

"ಸಾವಿನ ಮನೇಲೂ ನಿನ್ನ ಸಿನಿಮಾ ಬಿಡಲ್ವೇನೇ?" ಎಂದು ಸೋದರತ್ತೆ ಮಬ್ರೂಕಾ ಗದರಿದಳು.

"ಅಪ್ಪ ಬೇಡ ಅಂತಿರಲಿಲ್ಲ ಅತ್ತೆ."

"ಅವನು ಬೇಕು ಅಂದದ್ದಾದ್ರೂ ಯಾವಾಗ? ಹುಟ್ಟಿದಾಗಲೇ ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದ!"

*

ಅದು ನಿಜ. ಅವಳಪ್ಪ, ರೊಟ್ಟಿಭಟ್ಟಿಯ ಲಾರೂಸಿ, ಕೇರಿಯ ಹಿಟ್ಟನ್ನೆಲ್ಲ ಬೇಯಿಸಿಕೊಟ್ಟು, ಮಾತು ಮಾತ್ರ ತನ್ನಲ್ಲೇ ಇಟ್ಟುಕೊಂಡವನು. ಹೋದ ಚಳಿಗಾಲ ಭಟ್ಟಿಯ ಮುಂದೆ ಕ್ಯಾಮೆರಾ ಇಟ್ಟು ರಫೀಕಾ ಕೇಳಿದ್ದಳು: "ಅಮ್ಮನ್ನ ಮಣ್ಣು ಮಾಡಿದ ದಿನ ಹೇಗಿತ್ತಪ್ಪಾ? ನನ್ನ ಒಳಗೇ ಕೂರಿಸಿಬಿಟ್ರಲ್ಲ."

ಅಪ್ಪ ಒಂದು ಕೊರಡನ್ನು ಬೆಂಕಿಗೆ ತಳ್ಳಿದ. "ಬಿಸಿಲಿತ್ತು."

"ಆಮೇಲೆ?"

"ಆಮೇಲೆ ಮನೆಗೆ ಬಂದ್ವಿ."

ಅವಳು ಕ್ಯಾಮೆರಾ ಆರಿಸಿಬಿಟ್ಟಿದ್ದಳು.

*

ಗಂಡಸರು ಹಿಂತಿರುಗಿದರು. ಪಕ್ಕದ ಮನೆಯವರು ತಂದ ಕುಸ್ಕುಸ್ ತಟ್ಟೆಯನ್ನು ಮುಟ್ಟದೆ ಮೊಂಜಿ ಫೋನು ಚಾಚಿದ. "ಎಲ್ಲಾ ಬಂದಿದೆ ಮಗಳೇ. ಹೊರಡುವಾಗ ಏನೋ ಒತ್ತಿಹೋಯ್ತು, ಅಷ್ಟೇ."

ಬಂದಿದ್ದು ಅವನೇ! ಹೆಬ್ಬೆರಳು ತಾಗಿ ಕ್ಯಾಮೆರಾ ಅವನ ಕಡೆಗೇ ತಿರುಗಿತ್ತು. ಗಲ್ಲ, ಮೂಗಿನ ಹೊಳ್ಳೆ, ಮೇಲೆ ಆಕಾಶ. ಗೋರಿಯಿಲ್ಲ, ಅಪ್ಪನೂ ಇಲ್ಲ. ರಫೀಕಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಉಕ್ಕಿದವು.

ಚಿಕ್ಕಪ್ಪ ಹಣೆ ಚಚ್ಚಿಕೊಂಡ. "ಅಳಿಸಿಹಾಕು ತಾಯಿ. ಮುದಿಗೂಬೆ ನಾನು!"

ಅಷ್ಟರಲ್ಲಿ ಫೋನಿನೊಳಗಿಂದ ಮಣ್ಣು ಬೀಳುವ ಸದ್ದು ಕೇಳಿತು. ಒಂದೊಂದು ಸಲವೂ ಆ ಗಲ್ಲ ನಡುಗಿತು. "ಮೆಲ್ಲಗೆ ಹಾಕ್ರೋ," ಎನ್ನುತ್ತಿದ್ದ ಒಳಗಿನ ಮೊಂಜಿ. "ಮೆಲ್ಲಗೆ. ಜೀವಮಾನವೆಲ್ಲ ಕೋಳಿ ಕೂಗೋಕೆ ಮುಂಚೆ ಎದ್ದವನು. ಈಗಷ್ಟೇ ಮಲಗಿದಾನೆ." ಆಮೇಲೆ ಬಾಯಿ ತೆರೆದು ಮಗುವಿನ ಹಾಗೆ ಅತ್ತ. ಕಣ್ಣೂ ಮೂಗೂ ಸುರಿಯುತ್ತಿದ್ದವು.

ಅಂಗಳದ ಹೆಂಗಸರು ಫೋನಿನ ಸುತ್ತ ಮುತ್ತಿಕೊಂಡರು. ಹೆತ್ತವರ ಮಣ್ಣನ್ನೂ ಕಂಡಿರದ ಮಬ್ರೂಕಾ ಫೋನನ್ನು ಕಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಇನ್ನೊಂದ್ಸಲ ಹಾಕೇ."

ರಫೀಕಾ ಹಾಕಿದಳು. ತಮ್ಮ ಮೊಂಜಿ ಪಕ್ಕದಲ್ಲೇ ಕೂತಿದ್ದರೂ ಮಬ್ರೂಕಾ ಅವನತ್ತ ನೋಡದೆ, ತಲೆವಸ್ತ್ರದ ಅಂಚಿನಿಂದ ಗಾಜಿನೊಳಗಿನ ಅವನ ಮೂಗನ್ನು ಒರೆಸತೊಡಗಿದಳು.