ದ್ರಾಕ್ಷಿ ತುಳಿಯುವ ಕಾಲು

"ಇನ್ನೂ ಮೇಲೆತ್ತೇ ಕಾಲು. ಕಾಣಿಸ್ತಿಲ್ಲ," ಎಂದು ವಸುಧಾ ಅಮ್ಮ ಟಾರ್ಚ್ ಹಿಡಿದು ಬಗ್ಗಿದರು.

ನಾನು ಗ್ಯಾರೇಜಿನಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಎರಡೂ ಕಾಲನ್ನು ಗಾಳಿಯಲ್ಲಿ ಹಿಡಿದಿದ್ದೆ. ಸಂತೆಯಲ್ಲಿ ಎತ್ತಿನ ಗೊರಸು ನೋಡುವವರೂ ಇಷ್ಟು ಹೊತ್ತು ನೋಡುವುದಿಲ್ಲ.

"ಥೂ, ಏನೇ ಇದು ಹಿಮ್ಮಡಿ? ಒಂದೊಂದು ಬಿರುಕಲ್ಲೂ ಬೆರಳು ಹೋಗುತ್ತೆ. ಈ ಕಾಲು ನೋಡಿದ ಮೇಲೆ ಯಾರಾದ್ರೂ ವೈನ್ ಕೊಂಡ್ಕೋತಾರಾ?"

"ಕಾಲ್ ನೋಡಿ ಯಾರ್ ಕೊಳ್ತಾರ್ರಿ ಅಮ್ಮಾರ? ಬಾಟ್ಲಿ ನೋಡಿ ಕೊಳ್ತಾರ," ಎಂದೆ.

"ಬಾಯಿ ಬೇರೆ ಕೇಡು ಮುಂಡೇದಕ್ಕೆ. ಬ್ಲೀಚ್ ಹಾಕಿ ಉಜ್ಜು, ಬೆಳ್ಳಗಾಗ್ಲಿ. ಶನಿವಾರದ ಹೊತ್ತಿಗೆ ಸಾಫ್ ಆಗಿರ್ಬೇಕು."

ಉಜ್ಜಿದೆ. ಚಿಕಾಗೋ ಪಕ್ಕದ ವೆಸ್ಟ್‌ಮಂಟ್‌ನ ಆ ಮನೆಯ ಕಕ್ಕಸು ತೊಳೆಯುವ ಬ್ರಶ್ಶಿನಿಂದಲೇ ನನ್ನ ಕಾಲನ್ನೂ ಉಜ್ಜಿಕೊಂಡೆ. ಬ್ಲೀಚು ಬಿರುಕಿಗಿಳಿದು ನೆತ್ತಿಯವರೆಗೆ ಉರಿಯಿತು. ಉರಿದದ್ದು ಬ್ಲೀಚಿಗೋ ಮಾತಿಗೋ ಎಂದು ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಈ ಕಾಲಿನ ಕಥೆಯೇ ಹಾಗೆ. ನನ್ನೂರು ವಿಜಾಪುರದ ಕಡೆ, ದ್ರಾಕ್ಷಿ ಸೀಮೆ. ಮದುವೆಯಾದ ಹೊಸದರಲ್ಲಿ ಧಣಿಯ ತೋಟಕ್ಕೆ ಗೊನೆ ಕೊಯ್ಯಲು ಹೋಗುತ್ತಿದ್ದೆ. ಗೊನೆ ಕೊಯ್ಯುವ ಕೈಗೆ ಮೈಲಿಗೆ ಇರಲಿಲ್ಲ, ಅದು ಅವರ ಅನುಕೂಲದ ಶಾಸ್ತ್ರ. ಒಂದು ದಿನ ಒಣಹಾಕಿದ ದ್ರಾಕ್ಷಿಯ ಅಂಚನ್ನು ನನ್ನ ಕಾಲು ತುಳಿಯಿತು. ಧಣಿ ಬಾರುಕೋಲು ತಂದು ಅದೇ ಕಾಲಿಗೆ ಬಡಿದ. ಆಮೇಲೆ ರಾಶಿಗೆ ಗೋಮೂತ್ರ ಚಿಮುಕಿಸಿ, ಅದನ್ನೇ ಚೀಲಕ್ಕೆ ತುಂಬಿ ಸಾಂಗ್ಲಿ ಪೇಟೆಗೆ ಕಳಿಸಿದ. ಅಂಥ ಕಾಲಿಗೆ ಅಮೆರಿಕಾದಲ್ಲಿ ಇಂಥ ಬೇಡಿಕೆ ಬಂದಿತ್ತು.

ಬೇಡಿಕೆ ತಂದವರು ವಸುಧಾ ಅಮ್ಮನ ಗಂಡ ಅಶ್ವಥ್ ಸಾಹೇಬರು. ನನ್ನನ್ನು ಮನೆಗೆಲಸಕ್ಕೆಂದು ಕರೆತಂದಾಗ ಅವರು ಮಿಶಿಗನ್ನಿನ ವಾರೆನ್‌ನಲ್ಲಿ ಕಾರಿನ ಇಂಜಿನಿಯರ್. ಆಮೇಲೆ ಆ ಕೆಲಸ ಬಿಟ್ಟು, ಚಿಕಾಗೋ ಕಡೆಗೆ ಬಂದು, ವೈನ್ ತರಿಸಿ ಮಾರುವ ಧಂದೆಗಿಳಿದರು. ಫ್ರಾನ್ಸಿನ ದಕ್ಷಿಣಕ್ಕೆ ಲಾಂಗ್‌ದಾಕ್ ಎಂಬ ಸೀಮೆಯಿದೆಯಂತೆ. ಬಿಸಿಲು, ಕಲ್ಲುನೆಲ, ಕಣ್ಣು ಹಾಯುವ ತನಕ ದ್ರಾಕ್ಷಿ. ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿದರು. ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಬಗ್ಗಿ ಗೊನೆ ಕೊಯ್ಯುತ್ತಿದ್ದರು. ಮೈಬಣ್ಣ ಬಿಟ್ಟರೆ ನಮ್ಮ ಓಣಿಯವರೇ ಅನ್ನಿಸಿತು.

"ನೋಡು ಮಲ್ಲಮ್ಮ, ಹಿಂದೆ ಅಲ್ಲಿ ಹೀಗೆ ದೊಡ್ಡ ತೊಟ್ಟಿಗೆ ದ್ರಾಕ್ಷಿ ಸುರಿದು ಕಾಲಲ್ಲಿ ತುಳೀತಿದ್ರು. ಶನಿವಾರ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಹಾಲ್ ಬುಕ್ ಮಾಡಿದೀನಿ. ಗೆಸ್ಟ್‌ಗಳ ಮುಂದೆ ನೀನು ತುಳೀಬೇಕು. ಹೆರಿಟೇಜ್ ಅಂದ್ರೆ ಇಲ್ಲಿ ಜನ ಸಾಯ್ತಾರೆ."

ಮೊದಲು ಕ್ಯಾಟರಿಂಗಿನ ಒಬ್ಬ ಪೋಲಿಷ್ ಹೆಂಗಸನ್ನು ಕೇಳಿದ್ದರಂತೆ. ಆಕೆ ನಕ್ಕು ಫೋನ್ ಇಟ್ಟಳಂತೆ. ಫೋನ್ ಇಡುವವರಿಗೆ ಇಟ್ಟುಬಿಡುವ ಭಾಗ್ಯವಿರುತ್ತದೆ. ನನ್ನ ಪಾಸ್‌ಪೋರ್ಟು ಅವರ ಆಫೀಸ್ ಕೋಣೆಯ ಕಪಾಟಿನಲ್ಲಿತ್ತು. ಎರಡು ವರ್ಷಕ್ಕೆಂದು ಬಂದವಳಿಗೆ ನಾಲ್ಕನೆಯದು ತುಂಬುತ್ತಿತ್ತು. ವೀಸಾ ಮುಗಿದು ಯಾವ ಕಾಲವಾಯಿತೋ. ಹೊರಗೆ ಕಾಲಿಟ್ಟರೆ ಪೊಲೀಸರು ಎಳೆದೊಯ್ಯುತ್ತಾರೆ ಎಂದು ಅವರು ಹೇಳುತ್ತಿದ್ದರು, ನಾನು ನಂಬುತ್ತಿದ್ದೆ.

ಊರಲ್ಲಿ ಮಗಳು ಪದ್ಮಾಗೆ ಏಳು ತಿಂಗಳು ಮುಗಿದಿತ್ತು. ಚೊಚ್ಚಲ ಬಸಿರು ತವರಿಗೆ ಬರಬೇಕು. ತಾಯಿಯೇ ಇಲ್ಲದ ಮನೆ ಎಂಥ ತವರು? ಅವಳ ಕುಬಸಕ್ಕೂ, ಸೀಮಂತದ ಆ ಶಾಸ್ತ್ರಕ್ಕೂ, ನಾನಿರಲಿಲ್ಲ. "ನಿಮ್ಮವ್ವ ಅಮೇರಿಕಾದಾಗ ಮೆರ್ಯಾಕತ್ಯಾಳ, ನಿನಗ್ಯಾಕ ಹಸರ ಸೀರಿ" ಎಂದು ಅವಳ ಅತ್ತೆ ಎಲ್ಲರೆದುರು ಅಂದಳಂತೆ. ಫೋನಿನಲ್ಲಿ ಪದ್ಮಾ ಅದನ್ನು ಹೇಳಿ ಅಳಲೂ ಇಲ್ಲ, ಯಾವಾಗ ಬರ್ತೀಯವ್ವಾ ಎಂದಷ್ಟೇ ಕೇಳಿದಳು.

"ತುಳೀತೀನ್ರಿ ಸಾಹೇಬ್ರ," ಎಂದೆ. "ನನ್ನ ಪಾಸ್‌ಪೋರ್ಟ್ ಕೊಡ್ರಿ. ಮಗಳ ಹೆರಗಿ ಹೊತ್ತಿಗೆ ನಾ ಊರಾಗಿರಬೇಕು."

"ಆಯ್ತಮ್ಮಾ. ಪಾರ್ಟಿ ದಿವಸ ಅಲ್ಲೇ ಹಾಲ್‌ನಲ್ಲೇ ಕೊಡ್ತೀನಿ. ಪ್ರಾಮಿಸ್. ಸೋಮವಾರ ಟಿಕೆಟ್ ಬುಕ್ ಮಾಡ್ತೀನಿ, ಸರೀನಾ?"

ಸರಿ ಎಂದೆ. ಸರಿ ಎನ್ನದೆ ಏನನ್ನಲಿ?

ಶನಿವಾರ ಮಧ್ಯಾಹ್ನ ಹಾಲಿನ ಹಿಂದಿನ ಅಡುಗೆಕೋಣೆಯಲ್ಲಿ ನನಗೆ ವೇಷ ಹಾಕಿದರು. ನೆರಿಗೆ ಲಂಗ, ಬಿಳಿ ಏಪ್ರನ್, ತಲೆಗೆ ಕೆಂಪು ಬಟ್ಟೆ. ಹೊರಗೆ ವ್ಯಾನ್ ಬಂದು ನಿಂತಿತು. ನಜೀರಣ್ಣ ದ್ರಾಕ್ಷಿಯ ಕ್ರೇಟುಗಳನ್ನು ಇಳಿಸತೊಡಗಿದ.

ನಜೀರಣ್ಣನೂ ವಿಜಾಪುರದವನೇ. ಸ್ವಂತ ವ್ಯಾನಿಟ್ಟುಕೊಂಡು ಸಾಹೇಬರ ಬಾಟಲಿಗಳನ್ನು ಅಂಗಡಿ ಅಂಗಡಿಗೆ ಮುಟ್ಟಿಸುತ್ತಾನೆ. ಒಂದು ಹನಿ ಬಾಯಿಗಿಟ್ಟವನಲ್ಲ. ಪೆಟ್ಟಿಗೆ ಒಡೆದು ಜಾಕೆಟ್ಟಿಗೆ ವಾಸನೆ ಹತ್ತಿದರೆ ಅವನ ಹೆಂಡತಿ ಶರ್ಫುನ್ನೀಸಾ ಆ ಜಾಕೆಟ್ಟನ್ನು ಮನೆಯೊಳಗೇ ಬಿಡುವುದಿಲ್ಲ. ನಾಲ್ಕು ವರ್ಷದಲ್ಲಿ ನನ್ನ ಮಾತನ್ನು ನನ್ನ ಮಾತಿನಲ್ಲೇ ಕೇಳಿದವನು ಅವನೊಬ್ಬ.

"ಫ್ರಾನ್ಸಿಂದ ಬಂದ್ವೇನ ಅಣ್ಣಾ ದ್ರಾಕ್ಷಿ?" ಎಂದು ಚೇಷ್ಟೆ ಮಾಡಿದೆ.

"ಎಲ್ಲೀ ಫ್ರಾನ್ಸ್! ಮಿಶಿಗನ್‌ದಾಗಿಂದ ತಂದೀನಿ. ಇಲ್ಲಿ ಹುಡುಗ್ರ ಬ್ರೆಡ್ಡಿಗಿ ಹಚ್ಕೊಂಡ್ ತಿಂತಾವಲ್ಲ ಜೆಲ್ಲಿ, ಆ ದ್ರಾಕ್ಷಿ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಕ್ರೇಟನ್ನು ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದ. "ಮಲ್ಲವ್ವಾ, ನಿನಗೊಂದ್ ಮಾತ್ ಹೇಳ್ಬೇಕು. ಸಾಹೇಬ್ರು ವ್ಯಾನಿನ್ಯಾಗ ಕುಂತು ಫೋನ್ ಮಾಡ್ಯಾರ. ಮುಂದಿನ ತಿಂಗಳ ವಾರೆನ್‌ದಾಗೂ ಹಿಂಗ ಪಾರ್ಟಿ ಐತಂತ. ಅಲ್ಲೂ ನೀನಾ ತುಳ್ಯಾಕಿ ಅಂತ."

"ಪಾಸ್‌ಪೋರ್ಟ್?"

"ಕೊಟ್ರ ಇಕಿ ಹಾರಿ ಹೋಗ್ತಾಳ ಅಂದ್ರು. ಕಪಾಟದಾಗ ಇರ್ಲಿ ಅಂದ್ರು."

ಏಪ್ರನ್ ಕಟ್ಟಿಕೊಂಡೇ ಸಾಹೇಬರನ್ನು ಹುಡುಕಿ ಹೋದೆ. ಬಾಗಿಲಲ್ಲಿ ಟೈ ಸರಿ ಮಾಡಿಕೊಳ್ಳುತ್ತಿದ್ದರು.

"ಪಾಸ್‌ಪೋರ್ಟ್ ತಂದೀರೇನ್ರಿ?"

"ಅದೆಲ್ಲಾ ಕೇಳೋ ಟೈಮಾ ಇದು? ಹೋಗು, ಗೆಸ್ಟ್ಸ್ ಬಂದ್ರು."

"ನನ್ನ ಮಗಳ್ರಿ..."

"ನಿನ್ನ ಮಗಳು ಹೆರೋಕೆ ನೀನು ಹೋಗಿ ಮುಕ್ಕರೀಬೇಕಾ? ಆಸ್ಪತ್ರೆ ಇಲ್ವಾ ನಿಮ್ಮೂರಲ್ಲಿ? ಅನ್ನ ಹಾಕಿದ್ದಕ್ಕೆ ಒಂದು ದಿನ ನಿಯತ್ತಾಗಿ ಕೆಲಸ ಮಾಡೋ ಯೋಗ್ಯತೆ ಇಲ್ಲ ನಿಮ್ಮ ಜನಕ್ಕೆ." ಅಷ್ಟರಲ್ಲಿ ಯಾರೋ ಬಂದರು. ಅವರ ಮುಖ ಲೈಟ್ ಹಾಕಿದ ಹಾಗೆ ಬೆಳಗಿತು. "ವೆಲ್‌ಕಮ್, ವೆಲ್‌ಕಮ್!"

ನಾನು ಹೋಗಿ ಹಾಲಿನಲ್ಲಿಟ್ಟಿದ್ದ ತೊಟ್ಟಿಯಲ್ಲಿ ನಿಂತೆ. ಹೋದೆ ಯಾಕೆ ಎಂದು ಕೇಳಬೇಡಿ. ಹೊರಗೆ ಪಾರ್ಕಿಂಗ್ ಲಾಟು, ಅದರಾಚೆ ಟೋಲ್‌ವೇ ಹೆದ್ದಾರಿ. ನಡೆದು ಹೋಗುವವರಿಗೆಂದು ಆ ದೇಶದಲ್ಲಿ ಯಾರೂ ರಸ್ತೆ ಮಾಡಿಲ್ಲ.

ಹಾಲಿನ ತುಂಬ ಬಿಳಿಯರು, ನಮ್ಮವರು. ಬಟ್ಟಲನ್ನು ಬೆಳಕಿಗೆ ಹಿಡಿಯುವುದು, ಅಲ್ಲಾಡಿಸುವುದು, ಮೂಸುವುದು, ಒಂದು ಗುಟುಕು ಬಾಯಲ್ಲಿ ಗುಳುಗುಳು ಮಾಡಿ ಬೆಳ್ಳಿಬಣ್ಣದ ಬಕೆಟ್ಟಿಗೆ ಉಗಿಯುವುದು. ಹಾಗೆ ಉಗಿಯುವುದೇ ದೊಡ್ಡಸ್ತಿಕೆಯಂತೆ. ನಮ್ಮವರೂ ಉಗಿಯುತ್ತಿದ್ದರು. ಲೋಟ ತುಟಿಗೆ ತಾಗಿದರೆ ಎಂಜಲು ಎಂದು ಎತ್ತಿ ಕುಡಿಯುವ ಮನೆಗಳಿಂದ ಬಂದವರು ಒಂದೇ ಬಕೆಟ್ಟಿಗೆ ಸರದಿಯಲ್ಲಿ ಉಗಿಯುತ್ತಿದ್ದರು. ಪಾರ್ಟಿ ಮುಗಿದ ಮೇಲೆ ಆ ಎಂಜಲನ್ನು ಎತ್ತಿ ಚೆಲ್ಲುವುದೂ ನನ್ನ ಪಾಲಿನ ಕೆಲಸವೇ.

ಸಾಹೇಬರು ಮೈಕ್ ಹಿಡಿದರು. ಹಿಂದಿನ ಪರದೆಯ ಮೇಲೆ ಚಿತ್ರಗಳು ಬಂದವು. ನಜೀರಣ್ಣ ತೊಟ್ಟಿಗೆ ದ್ರಾಕ್ಷಿ ಸುರಿಯುತ್ತ, ಸಾಹೇಬರ ಇಂಗ್ಲಿಷನ್ನು ಮೆಲ್ಲಗೆ ನನಗೆ ಬಿಡಿಸಿ ಹೇಳತೊಡಗಿದ.

"ದ್ರಾಕ್ಷಿ ಹಿಂಡಿ ರಸ ತಗದ ಮ್ಯಾಲ ಸಿಪ್ಪಿ ಉಳೀತಿತ್ತಂತ. ಅದಕ್ಕ ನೀರ್ ಹಾಕಿ, ಆ ನೀರನ್ನ ಕೂಲಿಯವ್ರಿಗೆ ಕುಡ್ಯಾಕ ಕೊಡ್ತಿದ್ರಂತ."

ಜನ ನಕ್ಕರು. ನನಗೆ ನಗು ಬರಲಿಲ್ಲ. ಧಣಿಯ ಹಿತ್ತಲಲ್ಲಿ ಒಮ್ಮೆ ಕುದಿಸಿದ ಚಹಾಪುಡಿಗೆ ಮತ್ತೆ ನೀರು ಹಾಕಿ ನಮಗೆ ತೆಂಗಿನ ಕರಟದಲ್ಲಿ ಹೊಯ್ಯುತ್ತಿದ್ದರು. ಆ ರುಚಿ ನನ್ನ ನಾಲಿಗೆಗೆ ಗೊತ್ತಿದೆ.

ಮುಂದಿನ ಚಿತ್ರದಲ್ಲಿ ಒಂದು ಬೀದಿ. ಬೀದಿ ಕಾಣದಷ್ಟು ಜನ. ಟೋಪಿ, ತಲೆವಸ್ತ್ರ, ಹಿಡಿದೆತ್ತಿದ ಹಲಗೆಗಳು.

"ಇದೇನಣ್ಣಾ, ಜಾತ್ರ್ಯೇನ?"

"ಜಾತ್ರಿ ಅಲ್ಲ. ನೂರು ವರ್ಷದ ಹಿಂದಿಂದಂತ. ದ್ರಾಕ್ಷಿ ಮಂದಿ ಉಪಾಸ ಬಿದ್ದು ಬೀದಿಗಿಳದಾರ. ಸರಕಾರ ಗುಂಡ್ ಹಾಕ್ಸಿ ಮಂದೀನ ಕೊಂದೈತಿ. ಅಲ್ಲೀ ಸೀಮಿ ಹುಡುಗ್ರೇ ಇದ್ದ ಒಂದು ಪಲ್ಟನ್ನು ದಂಗಿ ಎದ್ದು ಮಂದಿ ಕಡೆ ಸೇರೈತಿ." ನಜೀರಣ್ಣ ಖಾಲಿ ಕ್ರೇಟು ಹಿಡಿದುಕೊಂಡೇ ನಿಂತುಬಿಟ್ಟ. "ಆ ಬಂಡಾಯ ಈ ಬಾಟ್ಲಿಯೊಳಗ ಐತಿ ಅಂತ ಸಾಹೇಬ್ರು ಹೇಳಾಕತ್ಯಾರ."

"ಟು ದ ರೆಬೆಲ್ಸ್!" ಎಂದು ಸಾಹೇಬರು ಬಟ್ಟಲೆತ್ತಿದರು. ಇಡೀ ಹಾಲು ಬಟ್ಟಲೆತ್ತಿತು. ಸತ್ತವರ ಹೆಸರಲ್ಲಿ ಕುಡಿದರು, ಬಕೆಟ್ಟಿಗೆ ಉಗಿದರು.

ಪೀಪಿ ವಾದ್ಯದ ಹಾಡು ಹಾಕಿದರು. ಚಪ್ಪಾಳೆ ಶುರುವಾಯಿತು. ವಸುಧಾ ಅಮ್ಮ ಕಣ್ಣಲ್ಲೇ "ತುಳಿ" ಎಂದರು. ತುಳಿದೆ. ದ್ರಾಕ್ಷಿ ಕಾಲಡಿ ಪಟಪಟ ಒಡೆದು, ತಣ್ಣನೆಯ ರಸ ಬೆರಳ ಸಂದಿಯಲ್ಲಿ ಉಕ್ಕಿ, ಬ್ಲೀಚ್ ತಿಂದ ಬಿರುಕುಗಳಿಗೆ ಹುಳಿ ಇಳಿಯಿತು. ಹಲ್ಲು ಕಚ್ಚಿಕೊಂಡೆ. ಫೋಟೋ ತೆಗೆಯುವವರು, "ಸ್ಮೈಲ್, ಸ್ಮೈಲ್" ಎನ್ನುವವರು. ತೊಟ್ಟಿಯ ತೂತಿನಿಂದ ರಸ ಹೂಜಿಗೆ ಬಿತ್ತು. ವಸುಧಾ ಅಮ್ಮ ಹೂಜಿಯನ್ನು ಟವೆಲ್ಲಿನಲ್ಲಿ ಹಿಡಿದು ನಜೀರಣ್ಣನಿಗೆ ಕೊಟ್ಟರು.

"ಹಿಂದೆ ಹೋಗಿ ಸಿಂಕಿಗೆ ಸುರಿದುಬಿಡಿ. ಫ್ರಿಜ್‌ನಲ್ಲಿ ಅಂಗಡಿ ಜ್ಯೂಸ್ ಇದೆ, ಅದನ್ನ ಇದೇ ಥರ ಹೂಜೀಲಿ ತನ್ನಿ. ಅವಳ ಕಾಲಿಂದ ಬಂದಿದ್ದನ್ನ ಯಾರು ಕುಡೀತಾರೆ, ವ್ಯಾಕ್."

ನಾನು ಕೇಳಲಿ ಬಿಡಲಿ ಎಂಬ ಎಗ್ಗಿಲ್ಲದೆ ಆಡಿದ ಮಾತು. ಅಕ್ಕಪಕ್ಕದ ಬಿಳಿಯರಿಗೆ ಕನ್ನಡ ಬಾರದು, ನನಗೆ ಮಾನವಿಲ್ಲ, ಇನ್ಯಾರಿಗೆ ಹೆದರಬೇಕು?

ನಾನು ತುಳಿಯುವುದನ್ನು ನಿಲ್ಲಿಸಿದೆ. ಹಾಡು ನಡೆದೇ ಇತ್ತು. ಆ ಒಡೆದ ದ್ರಾಕ್ಷಿಯಲ್ಲಿ, ಆ ಬಿಳಿ ಏಪ್ರನ್ನಿನ ಸಮೇತ, ತೊಟ್ಟಿಯ ನಡುವೆ ಕುಳಿತುಬಿಟ್ಟೆ.

"ಏಯ್, ಏಳೇ!" ವಸುಧಾ ಅಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಏಳಂಗಿಲ್ಲ. ಪಾಸ್‌ಪೋರ್ಟ್ ತರ್ಸ್ರಿ."

ಸಾಹೇಬರು ಮೈಕ್ ಬಿಟ್ಟು ಓಡಿಬಂದರು. ಮುಖದಲ್ಲಿ ನಗು ಹಾಗೇ ಅಂಟಿಕೊಂಡಿತ್ತು. "ಮಾನ ಕಳೀಬೇಡ ಕಣೇ ದರಿದ್ರದವಳೇ. ಏಳು."

"ಮಾನ ನಿಮ್ಮದಷ್ಟಾ ಐತೇನಲೇ, ಬೋಳಿಮಗನ?" ನಾಲ್ಕು ವರ್ಷ ಗಂಟಲಲ್ಲಿದ್ದ ಬೈಗುಳ ತಾನಾಗಿ ಹೊರಬಂತು. ಆಮೇಲೆ ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಹಾಲಿಗೆ ಕೇಳುವ ಹಾಗೆ ಕೂಗಿದೆ. "ಮೈ ಪಾಸ್‌ಪೋರ್ಟ್! ಹೀ ಕೀಪ್! ಗಿವ್!"

ಹಾಡು ನಿಂತಿತು. ಬಟ್ಟಲುಗಳು ಅಲ್ಲಲ್ಲೇ ನಿಂತವು. ಮುಂದಿನ ಮೇಜಿನ ಬಿಳಿ ಹೆಂಗಸೊಬ್ಬಳು ಸಾಹೇಬರನ್ನು ಏನೋ ಕೇಳಿದಳು. ಅವರು ಅರೆಗಳಿಗೆ ತಡವರಿಸಿ, ಜೋರಾಗಿ ನಕ್ಕು, ಪರದೆಯ ಮೇಲಿನ ಬೀದಿಯನ್ನೂ ನನ್ನನ್ನೂ ಕೈಮಾಡಿ ತೋರಿಸಿ ಏನೋ ಹೇಳಿದರು. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಕೆಲವರು ಎದ್ದು ನಿಂತು ತಟ್ಟಿದರು. "ರೆಬೆಲ್! ರೆಬೆಲ್!" ಎಂದು ಒಬ್ಬ ಸಿಳ್ಳೆ ಹೊಡೆದ.

"ಏನಂದ ಅಣ್ಣಾ ಅವ?"

ನಜೀರಣ್ಣನ ಮುಖ ಕಪ್ಪಿಟ್ಟಿತ್ತು. "ಇದೂ ನಾಟಕದಾಗಿಂದಾ ಅಂತ. ಆ ಕಾಲದ ಬಂಡಾಯ ನೀ ಮಾಡಿ ತೋರ್ಸಾಕತ್ತೀ ಅಂತ."

ಮತ್ತೆ ಕೂಗಿದೆ. ಕೂಗಿದಷ್ಟೂ ಚಪ್ಪಾಳೆ ಏರಿತು. ಜೀವ ಹೋಗುವಂತೆ ಅರಚಿದರೆ ಎಷ್ಟು ಚೆನ್ನಾಗಿ ಅರಚುತ್ತಾಳೆ ಎನ್ನುವ ಜನರೆದುರು ಏನು ಮಾಡುವುದು? ಸಿಟ್ಟಿಗೆ ಕಣ್ಣೀರು ಬಂತು. ಅದಕ್ಕೂ ಫೋಟೋ ತೆಗೆದರು.

"ನಜೀರ್, ಎತ್ತಿ ಹೊರಗೆ ಹಾಕ್ರೀ ಇವಳನ್ನ," ಎಂದರು ಸಾಹೇಬರು.

ನಜೀರಣ್ಣ ಹೂಜಿಯನ್ನು ಅವರ ಕಾಲ ಬಳಿ ಇಟ್ಟ. "ನನ್ನ ಕೈಲಿ ಆಗಂಗಿಲ್ರಿ. ನೀವಾ ಎತ್ರಿ," ಎಂದು ಕೈಕಟ್ಟಿ ನಿಂತ.

ಸಾಹೇಬರು ಕೋಟಿನ ತೋಳು ಮೇಲೇರಿಸಿ ತೊಟ್ಟಿಯ ಮೇಲೆ ಬಗ್ಗಿದರು. ಅವರ ಕೈ ನನ್ನ ರಟ್ಟೆಯವರೆಗೆ ಬಂತು, ಅಲ್ಲೇ ನಿಂತಿತು. ಆ ಮನೆಯಲ್ಲಿ ಅವರು ಒಂದು ಗುಳಿಗೆಯನ್ನೂ ನನ್ನ ಕೈಗೆ ಕೊಟ್ಟವರಲ್ಲ. ಏನೇ ಇದ್ದರೂ ಕೌಂಟರಿನ ಮೇಲಿಟ್ಟು ಸರಿಯುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ. ಜಾತಿಗೀತಿ ನಾವು ನಂಬೋಲ್ಲ ಎಂದು ಊಟದ ಮೇಜಿನಲ್ಲಿ ಭಾಷಣ ಮಾಡುವ ಬಾಯಿ ಅದು. ಬಾಯಿ ಸುಳ್ಳು ಹೇಳಬಹುದು, ಕೈಗೆ ಅಭ್ಯಾಸವಿರಲಿಲ್ಲ. ಬೆರಳುಗಳು ನನ್ನ ಮೈಯಿಂದ ಒಂದು ಗೇಣು ದೂರದಲ್ಲಿ ನಿಂತವು.

ಹಾಲು ಚಪ್ಪಾಳೆ ತಟ್ಟುತ್ತಲೇ ಇತ್ತು.

ನಾನೇ ಹಿಡಿದೆ. ರಸ ಸೋರುವ ಎರಡೂ ಕೈಗಳಿಂದ ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. ಅವರು ಕೆಂಡ ಮುಟ್ಟಿದವರಂತೆ ಚೀರಿ ಹಿಂದಕ್ಕೆಳೆದರು. ಪಕ್ಕದ ಮೇಜಿನ ಬಟ್ಟಲೊಂದು ಬಿದ್ದು ಒಡೆಯಿತು. ಅವರ ಮುಖದಲ್ಲಿ ಆಗ ಬಂದದ್ದನ್ನು ನಾಟಕವೆಂದು ಯಾರೂ ನಂಬಲಾರರು. ಅಸಹ್ಯಕ್ಕೆ ಭಾಷೆ ಬೇಕಿಲ್ಲ. ಮುಂದಿನ ಮೇಜಿನ ಹೆಂಗಸು ಮೊದಲು ಕೈ ನಿಲ್ಲಿಸಿದಳು. ಆಮೇಲೆ ಅವಳ ಪಕ್ಕದವನು. ಒಂದೊಂದೇ ಮೇಜು ಸುಮ್ಮನಾಗುತ್ತ ಹೋಯಿತು.

"ಬಿಡೇ," ಎಂದರು ಸಾಹೇಬರು, ಸಣ್ಣ ದನಿಯಲ್ಲಿ. "ಬಿಡು, ಕೈ ಬಿಡು."

"ಪಾಸ್‌ಪೋರ್ಟ್," ಎಂದೆ, ಹಿಡಿತ ಇನ್ನೂ ಬಿಗಿ ಮಾಡಿದೆ.